ಮನೆಯ ನೀರಿಗೆ ತಕ್ಕ ಕೊಳವೆ

ಮನೆ ಕಟ್ಟಿಸುವವರು ಬಾಗಿಲಿನ ಮರವನ್ನು ಹತ್ತು ಕಡೆ ವಿಚಾರಿಸಿ ಕೊಳ್ಳುತ್ತಾರೆ. ನೆಲಕ್ಕೆ ಹಾಸುವ ಕಲ್ಲನ್ನು ಕೈಯಿಂದ ಸವರಿ ನೋಡುತ್ತಾರೆ. ಗೋಡೆಯೊಳಗೆ ಹುದುಗಿಹೋಗುವ ನೀರಿನ ಕೊಳವೆಯನ್ನು ಮಾತ್ರ ಅಂಗಡಿಯವನ ಮಾತಿಗೆ ಬಿಟ್ಟುಬಿಡುತ್ತಾರೆ. ಆದರೆ ನಾವು ದಿನವೂ ಕುಡಿಯುವ ನೀರು ಆ ಕೊಳವೆಯ ಒಳಮೈಯನ್ನು ತೊಳೆದುಕೊಂಡೇ ಬರುತ್ತದೆ. ಆದುದರಿಂದ ಕೊಳ್ಳುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಹರಿಯುವ ನೀರಿನ ಗುಣವೆಂಥದು? ಅದು ತಣ್ಣೀರೋ ಬಿಸಿನೀರೋ? ಕೊಳವೆಯಿರುವುದು ಬಿಸಿಲಿನಲ್ಲೋ ಮರೆಯಲ್ಲೋ?

ನೀರಿನ ಗುಣಕ್ಕೆ ಇಷ್ಟು ಮಹತ್ವವೇಕೆ ಎಂಬುದನ್ನು ಸೀಸದ ಚರಿತ್ರೆ ತಿಳಿಸುತ್ತದೆ. ರೋಮನರು ಸೀಸದ ಕೊಳವೆಗಳನ್ನು ಬಹಳವಾಗಿ ಬಳಸಿದರು. ಲ್ಯಾಟಿನ್ನಿನಲ್ಲಿ ಸೀಸಕ್ಕೆ ಪ್ಲಂಬಂ ಎಂದು ಹೆಸರು; ಪ್ಲಂಬರ್ ಎಂಬ ಮಾತು ಹುಟ್ಟಿದ್ದು ಅದರಿಂದಲೇ. ಸೀಸದ ಕೊಳವೆಯ ನೀರಿಗಿಂತ ಮಣ್ಣಿನ ಕೊಳವೆಯ ನೀರು ಆರೋಗ್ಯಕರವೆಂದು ಅವರ ಶಿಲ್ಪಶಾಸ್ತ್ರಜ್ಞನಾದ ವಿಟ್ರೂವಿಯಸನು ಅಂದೇ ಎಚ್ಚರಿಸಿದ್ದನು. ಆದರೂ ಸೀಸವು ಅನೇಕ ದೇಶಗಳ ಮನೆಗಳಲ್ಲಿ ಉಳಿಯಿತು. 2014ರಲ್ಲಿ ಅಮೆರಿಕದ ಫ್ಲಿಂಟ್ ನಗರವು ತನ್ನ ನೀರಿನ ಮೂಲವನ್ನು ಬದಲಾಯಿಸಿತು; ಲೋಹದ ಸವೆತವನ್ನು ತಡೆಯುವ ಔಷಧಿಯನ್ನು ಹೊಸ ನೀರಿಗೆ ಬೆರೆಸಲಿಲ್ಲ. ಹಳೆಯ ಕೊಳವೆಗಳ ಸೀಸ ಕರಗಿ ಮಕ್ಕಳ ರಕ್ತವನ್ನು ಸೇರಿತು. ಕೊಳವೆಗಳು ಹಳೆಯವೇ, ಬದಲಾದುದು ನೀರು.

ನಮ್ಮ ಮನೆಗಳಲ್ಲಿ ಬಹುಕಾಲ ಮೆರೆದುದು ಸತುವಿನ ಲೇಪವುಳ್ಳ ಕಬ್ಬಿಣದ ಕೊಳವೆ. ಇಲ್ಲಿ ಸತುವು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಅದು ತೀರಿದ ಮೇಲೆ ತುಕ್ಕು ಆರಂಭವಾಗುತ್ತದೆ. ಕೊಳವೆಬಾವಿಯ ಗಡಸು ನೀರಾದರೆ ಒಳಗೆ ಸುಣ್ಣದಂತಹ ಪದರವೂ ಕಟ್ಟಿ, ಧಾರೆ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತದೆ. ಪೆಟ್ಟು ಬೀಳುವ ಎಡೆಗೆ ಇದರ ಗಟ್ಟಿತನ ಇಂದಿಗೂ ಒಪ್ಪುವಂಥದೇ. ಕೊಳ್ಳುವಾಗ ಬಣ್ಣದ ಪಟ್ಟಿಯನ್ನು ನೋಡಬೇಕು: ಹಳದಿ ಹಗುರ, ನೀಲಿ ಮಧ್ಯಮ, ಕೆಂಪು ಭಾರಿ.

ತಾಮ್ರವು ಬಿಸಿನೀರನ್ನು ಚೆನ್ನಾಗಿ ತಾಳುತ್ತದೆ, ಬಹುಕಾಲ ಬಾಳುತ್ತದೆ. ಬೆಲೆ ಮಾತ್ರ ಹೆಚ್ಚು. ಆಮ್ಲಗುಣವುಳ್ಳ ನೀರು ಅದನ್ನೂ ಕರಗಿಸುತ್ತದೆ. ತೊಟ್ಟಿಯಲ್ಲಿ ಹಸಿರು ಕಲೆ ಕಂಡರೆ ಅದೇ ಗುರುತು. ತಾಮ್ರದಲ್ಲಿ ಹರಿದ ನೀರನ್ನು ಸತುಲೇಪದ ಕೊಳವೆಗೆ ಬಿಡಕೂಡದು. ತಾಮ್ರದ ಕಣಗಳು ಮುಂದಿನ ಕೊಳವೆಯನ್ನು ಬೇಗನೆ ತೂತು ಮಾಡುತ್ತವೆ.

ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಪ್ಲಾಸ್ಟಿಕ್ಕು. ಪಿ.ವಿ.ಸಿ. ಕೊಳವೆಗೆ ತುಕ್ಕಿಲ್ಲ, ಬೆಲೆಯೂ ಕಡಿಮೆ. ಆದರೆ ಬಿಸಿನೀರಿಗೆ ಅದು ಮೆತ್ತಗಾಗುತ್ತದೆ; ಬಿಸಿಲಿಗೆ ವರ್ಷಗಟ್ಟಲೆ ಒಡ್ಡಿದರೆ ಪೆಡಸಾಗಿ ಒಡೆಯುತ್ತದೆ. ಬಿಸಿನೀರಿಗೆಂದೇ ಕ್ಲೋರಿನನ್ನು ಹೆಚ್ಚಿಸಿದ ಸಿ.ಪಿ.ವಿ.ಸಿ. ಉಂಟು. ಪಿ.ವಿ.ಸಿ. ತಯಾರಿಕೆಯಲ್ಲಿ ಸೀಸದ ಸಂಯುಕ್ತಗಳನ್ನು ಬೆರೆಸುವ ವಾಡಿಕೆಯೂ ಇದ್ದಿತು. ಅದನ್ನು ತಡೆಯಲು ಭಾರತ ಸರ್ಕಾರವು 2021ರಲ್ಲಿ ನಿಯಮಗಳನ್ನು ಹೊರಡಿಸಿತು. ಗುರುತಿಲ್ಲದ ಅಗ್ಗದ ಸರಕಿಗೆ ಮರುಳಾಗಕೂಡದೆಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ. ತಣ್ಣೀರಿನ ಪಿ.ವಿ.ಸಿ.ಗೆ ಐ.ಎಸ್. 4985, ಸಿ.ಪಿ.ವಿ.ಸಿ.ಗೆ ಐ.ಎಸ್. 15778 ಎಂಬ ಅಂಕಿಗಳು ಕೊಳವೆಯ ಮೈಮೇಲೆ ಅಚ್ಚಾಗಿರಬೇಕು.

ಬೆಂಗಳೂರಿನ ಅನೇಕ ಮನೆಗಳಲ್ಲಿ ಕಾವೇರಿಯ ನೀರೂ ಕೊಳವೆಬಾವಿಯ ನೀರೂ ಒಂದೇ ತೊಟ್ಟಿಯನ್ನು ಸೇರುತ್ತವೆ. ಅಂಥ ಕಡೆ ಎರಡರಲ್ಲಿ ಗಡಸಾದುದನ್ನು ಲೆಕ್ಕಕ್ಕಿಟ್ಟುಕೊಂಡು ಆರಿಸುವುದು ಕ್ಷೇಮ. ಮೊದಲು ನೀರನ್ನು ಪರೀಕ್ಷೆ ಮಾಡಿಸಿ, ಆಮೇಲೆ ಅಂಗಡಿಗೆ ಹೋಗಬೇಕು. ಪರೀಕ್ಷೆಗೆ ತಗಲುವ ವೆಚ್ಚ ಗೋಡೆ ಒಡೆಸುವ ವೆಚ್ಚದ ಮುಂದೆ ಏನೂ ಅಲ್ಲ.