ಸುಂಕದವರು ಹೋದರು, ಆನೆ ಹೋಗಲಿಲ್ಲ!

ಭೂಪಟ ಬಿಡಿಸಿ ಗುಂಡ್ಲುಪೇಟೆಯ ಮೇಲೆ ಬೆರಳಿಡಿ. ಅಲ್ಲಿಂದ ಒಂದು ಹೆದ್ದಾರಿ ಮೂಲೆಹೊಳೆ, ಮುತ್ತಂಗ ದಾಟಿ ಕಲ್ಲಿಕೋಟೆಗೆ. ಇನ್ನೊಂದು ಬಂಡೀಪುರ ಹಾದು ಊಟಿಗೆ. ಅತ್ತ ಚಾಮರಾಜನಗರದಿಂದ ಹಾಸನೂರಿನ ಮೇಲೆ ದಿಂಬಂ ಘಾಟಿ ಇಳಿದರೆ ಸತ್ಯಮಂಗಲ. ಚಾಮರಾಜನಗರ ಒಂದೇ ಜಿಲ್ಲೆ, ಮೂರು ಬಾಗಿಲು!

ಬಾಗಿಲು ಎಂದ ಮೇಲೆ ಸುಂಕದ ಮಾತು ಬಂದೇ ಬರುತ್ತದೆ. ಈಗ ಒಂದು ತಾರೀಖಿನ ಸೋಜಿಗ ಕೇಳಿ. 1968ರ ಜುಲೈ 1ರಂದು ಯುರೋಪಿನ ಆರು ದೇಶಗಳು ತಮ್ಮತಮ್ಮೊಳಗಿನ ಕೈಗಾರಿಕಾ ಸರಕಿನ ಸುಂಕಕ್ಕೆ ವಿದಾಯ ಹೇಳಿದವು. ನಮ್ಮಲ್ಲಿ ಜಿಎಸ್‌ಟಿ ಬಂದದ್ದೂ ಜುಲೈ 1ಕ್ಕೇ, 2017ರಲ್ಲಿ! ಎರಡು ಮೂರು ದಿನದೊಳಗೆ ಕರ್ನಾಟಕ, ಕೇರಳ ಸೇರಿ 22 ರಾಜ್ಯಗಳ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟುಗಳು ಮಾಯ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳೋಣವೆಂದರೆ ಸುಂಕದವನೇ ಇಲ್ಲ!

ಚಾಮರಾಜನಗರದ ಕರಿಕಲ್ಲನ್ನೇ ನೋಡಿ. ಮೊದಲು ಅದು ಗಡಿ ದಾಟಿದರೆ ಕೇಂದ್ರ ಮಾರಾಟ ತೆರಿಗೆ ಶೇ 2, ಕೊಂಡವನಿಗೆ ಆ ದುಡ್ಡು ಎಲ್ಲೂ ವಜಾ ಆಗುತ್ತಿರಲಿಲ್ಲ. ಪಕ್ಕದ ರಾಜ್ಯದ ವ್ಯಾಪಾರಿಗೆ ನಮ್ಮ ಕಲ್ಲು ಅಷ್ಟರಮಟ್ಟಿಗೆ ದುಬಾರಿ. ಈಗ ಕಟ್ಟಿದ ತೆರಿಗೆ ಮುಂದಿನ ಲೆಕ್ಕದಲ್ಲಿ ವಜಾ. ಪೈಪೋಟಿ ಕಲ್ಲಿಗೂ ಕಲ್ಲಿಗೂ.

ತರಕಾರಿಗೆ ತೆರಿಗೆಯೇ ಇಲ್ಲವಲ್ಲ, ಅದಕ್ಕೇನು ಲಾಭ ಎನ್ನುತ್ತೀರಾ? ಹೊತ್ತು! ತೆರಕಣಾಂಬಿ ಮಾರುಕಟ್ಟೆಯಲ್ಲಿ ಲೋಡಾದ ಟೊಮೆಟೊ, ಬೀನ್ಸಿಗೆ ದಾರಿಯಲ್ಲಿ ನಿಂತ ಪ್ರತಿ ಗಂಟೆಯೂ ನಷ್ಟ. ಆದರೆ ಇಲ್ಲೇ ಇರುವುದು ತಮಾಷೆ. 2009ರಿಂದ ಬಂಡೀಪುರದ ಕಾಡಿನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಲಾರಿ ಓಡುವಂತಿಲ್ಲ. ದೆಹಲಿಯ ಶಾಸನಕ್ಕೆ ಮಣಿದ ಗಡಿ ಆನೆಯ ಮುಂದೆ ಹಾಗೇ ನಿಂತಿದೆ! ಒಂಬತ್ತಕ್ಕೆ ಐದು ನಿಮಿಷ ತಡವಾದರೆ ಕೇರಳದ ಬೆಳಗಿನ ಸಂತೆ ಕೈತಪ್ಪಿತು. ಬೇಗ ಕಿತ್ತು, ಬೇಗ ತುಂಬಿದವನೇ ಗೆದ್ದ. (ಆನೆಗೆ ಅಷ್ಟು ಹೊತ್ತು ಬಿಟ್ಟುಕೊಟ್ಟದ್ದು ಸರಿಯೇ ಎಂದು ನನ್ನ ಮತ.)

ಎಲ್ಲಕ್ಕಿಂತ ಬೆರಗು ಅರಿಸಿನದ್ದು. ಜಿಲ್ಲೆಯ ಅರಿಸಿನ ದಿಂಬಂನ 27 ತಿರುವು ಇಳಿದು ಈರೋಡಿಗೆ ಹೋಗುತ್ತದೆ. ಯಾಕೆ ಅಲ್ಲಿಗೇ? ಹಳೇ ಜಿಲ್ಲೆಯ ನಕ್ಷೆ ನೋಡಿ: 1956ರ ನವೆಂಬರ್ 1ರವರೆಗೆ ನಮ್ಮ ಕೊಳ್ಳೇಗಾಲವೂ ಆ ಈರೋಡೂ ಒಂದೇ ಕೊಯಮತ್ತೂರು ಜಿಲ್ಲೆ! ರಾಜ್ಯದ ಗೆರೆ ಬಂದದ್ದು ಆಮೇಲೆ. ಬಾಗಿಲು ತೆರೆದರೆ ಸರಕು ಹರಿಯುವುದು ದೊಡ್ಡ ಮಾರುಕಟ್ಟೆಯ ಕಡೆಗೆ. ಕಿತ್ತು, ಬೇಯಿಸಿ, ಒಣಗಿಸುವ ಬೆವರು ಇಲ್ಲಿಯದು, ದರ ಹೇಳುವ ಬಾಯಿ ಅಲ್ಲಿಯದು. 2019ರಲ್ಲಿ ಭೌಗೋಳಿಕ ಸೂಚಕದ ಮುದ್ರೆ ಸಿಕ್ಕಿದ್ದೂ ‘ಈರೋಡ್ ಅರಿಸಿನ’ಕ್ಕೆ.