ನಿವೃತ್ತಿಯ ಸೈಕಲ್ಲು, ನಾಲ್ಕು ತಾಲ್ಲೂಕು

ಸಿಂದಗಿ ದಾಟಿ ಕಲಕೇರಿಯತ್ತ ಹೊರಟಿದ್ದ ಒಂದು ಬೆಳಿಗ್ಗೆ ರಸ್ತೆ ಬದಿಯ ಚಹಾದಂಗಡಿಯ ಮುಂದೆ ಸೈಕಲ್ ನಿಲ್ಲಿಸಿದೆ. ಕ್ಯಾರಿಯರ್‌ನ ಎರಡೂ ಬದಿಗೆ ಚೀಲ, ತಲೆಗೆ ಹೆಲ್ಮೆಟ್, ಮುಖದಲ್ಲಿ ನರೆತ ಗಡ್ಡ. ಬೆಂಚಿನ ಮೇಲೆ ಕುಳಿತಿದ್ದ ಹಿರಿಯರೊಬ್ಬರು ನನ್ನನ್ನೂ ಸೈಕಲ್ಲನ್ನೂ ಸಾವಕಾಶವಾಗಿ ನೋಡಿ, ‘ಯಾಕ್ರೀ ಯಜಮಾನ್ರ, ಪೆಟ್ರೋಲ್ ಭಾಳ ತುಟ್ಟಿ ಆತೇನ್ರಿ?’ ಎಂದರು. ಸುತ್ತಲಿದ್ದವರು ನಕ್ಕರು, ನಾನೂ ನಕ್ಕೆ. ಇದೇ ಜಿಲ್ಲೆಯಲ್ಲಿ ನೌಕರಿ ಮಾಡಿದವನು, ನಿವೃತ್ತನಾದ ಮೇಲೆ ಊರುಗಳನ್ನು ನೋಡಲು ಹೊರಟಿದ್ದೇನೆ ಎಂದು ಹೇಳಿದೆ. ಅವರು ಕಪ್ಪನ್ನು ಕೆಳಗಿಟ್ಟು, ‘ಹಂಗಾದ್ರ ನೌಕರಿ ಇದ್ದಾಗ ಏನ್ ನೋಡಿದ್ರಿ?’ ಎಂದು ಕೇಳಿದರು. ಈ ಬಾರಿ ಯಾರೂ ನಗಲಿಲ್ಲ. ಆ ಪ್ರಶ್ನೆಗೆ ಅಲ್ಲಿ ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನ ಆ ಉತ್ತರದ ಪ್ರಯತ್ನ.

1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದ ನಂತರ ವಿಜಯಪುರ ಜಿಲ್ಲೆಗೆ ಉಳಿದದ್ದು ಐದು ತಾಲ್ಲೂಕು. ಜಿಲ್ಲಾ ಕೇಂದ್ರವನ್ನು ಬಿಟ್ಟರೆ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ. ಚಡಚಣ, ತಾಳಿಕೋಟೆ, ನಿಡಗುಂದಿ ಮೊದಲಾದವು ಇವುಗಳಿಂದ ಬೇರ್ಪಟ್ಟು ತಾಲ್ಲೂಕುಗಳಾದದ್ದು ಈಚಿನ ವರ್ಷಗಳಲ್ಲಿ. ನನ್ನಂಥ ಹಳಬರ ಮನಸ್ಸಿನ ನಕ್ಷೆಯಲ್ಲಿ ಇಂದಿಗೂ ಇರುವುದು ಆ ನಾಲ್ಕೇ. ಕಳೆದ ಕೆಲವು ವರ್ಷಗಳಿಂದ ಪ್ರತಿ ಚಳಿಗಾಲದಲ್ಲಿ ಸೈಕಲ್ಲನ್ನು ಬಸ್ಸಿನ ಟಾಪಿಗೆ ಹಾಕಿಕೊಂಡು ಹೋಗಿ ಇಂಡಿಯಲ್ಲಿ ಇಳಿಯುತ್ತೇನೆ. ಅಲ್ಲಿಂದ ಸಿಂದಗಿ, ತಾಳಿಕೋಟೆ, ಮುದ್ದೇಬಿಹಾಳ, ಆಲಮಟ್ಟಿ, ಬಸವನ ಬಾಗೇವಾಡಿ, ಕೊನೆಗೆ ವಿಜಯಪುರ. ಒಳದಾರಿಗಳ ಸುತ್ತಾಟವೂ ಸೇರಿ ಐದು ದಿನಗಳಲ್ಲಿ ಸುಮಾರು 250 ಕಿಲೋಮೀಟರ್.

ದೂರದ ಸೈಕಲ್ ಸವಾರಿ ಎಂದರೆ ಇಂದು ಹಲವರಿಗೆ ಗಡಿಯಾರದೊಂದಿಗಿನ ಸ್ಪರ್ಧೆ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯಲ್ಲಿ, 600 ಕಿಲೋಮೀಟರನ್ನು 40 ಗಂಟೆಯಲ್ಲಿ ಮುಗಿಸುವ ‘ಬ್ರೆವೆ’ ಸವಾರಿಗಳು ನಮ್ಮ ನಗರಗಳಲ್ಲೂ ನಡೆಯುತ್ತವೆ. ಅವುಗಳ ಶಿಖರವಾದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿ 1891ರಷ್ಟು ಹಳೆಯದು; ಈಗ ಅದು 1,200 ಕಿಲೋಮೀಟರಿನ ದಾರಿ, 90 ಗಂಟೆಯ ಗಡುವು. ಅವರ ಬಗ್ಗೆ ನನಗೆ ಗೌರವವಿದೆ, ಆದರೆ ನನ್ನದು ಆ ಜಾತಿಯ ಸವಾರಿಯಲ್ಲ. ಬೆಳಕು ಹರಿಯುವ ಹೊತ್ತಿಗೆ ಹೊರಟು ಹನ್ನೊಂದರೊಳಗೆ ನಿಲ್ಲುತ್ತೇನೆ. ಮಧ್ಯಾಹ್ನ ಯಾವುದಾದರೂ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಬಿಸಿಲು ಇಳಿದ ಮೇಲೆ ಮತ್ತೆ ಒಂದೆರಡು ಗಂಟೆ ಸವಾರಿ. ಕತ್ತಲಾದ ಮೇಲೆ ರಸ್ತೆಗೆ ಇಳಿಯುವುದಿಲ್ಲ. ಪಂಕ್ಚರ್ ಸಾಮಾನು ಸದಾ ಜೊತೆಗಿರಬೇಕು. ಜಾಲಿಯ ಮುಳ್ಳಿಗೂ ನೆಗ್ಗಿಲ ಮುಳ್ಳಿಗೂ ನಿವೃತ್ತ ಅಧಿಕಾರಿಯೆಂಬ ದಾಕ್ಷಿಣ್ಯವಿಲ್ಲ.

ಈ ವಯಸ್ಸಿಗೆ ಇದು ಸರಿಯೇ ಎಂದು ಬಂಧುಗಳು ಕೇಳುತ್ತಾರೆ. ಅರವತ್ತೈದು ದಾಟಿದವರಿಗೂ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಪ್ರಮಾಣದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ದೇಹದ ಭಾರವನ್ನು ಸೀಟು ಹೊರುವುದರಿಂದ ಓಟಕ್ಕಿಂತ ಸೈಕಲ್ ಮಂಡಿಗೆ ಹಿತ. ಫ್ರಾನ್ಸಿನ ರಾಬರ್ಟ್ ಮಾರ್ಶಾಂ ಅವರು 2017ರಲ್ಲಿ, ತಮ್ಮ 105ನೇ ವಯಸ್ಸಿನಲ್ಲಿ, ಒಂದು ಗಂಟೆಯಲ್ಲಿ 22 ಕಿಲೋಮೀಟರಿಗೂ ಹೆಚ್ಚು ದೂರ ಸೈಕಲ್ ತುಳಿದರು. ನಾನು ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ವೈದ್ಯರಿಗೆ ಎದೆ ತೋರಿಸಿದ ಮೇಲೆಯೇ ಮೊದಲ ಪ್ರವಾಸಕ್ಕೆ ಹೊರಟದ್ದು. ಆದರೆ ಆರೋಗ್ಯ ಇಲ್ಲಿ ಉಪಲಾಭ ಮಾತ್ರ. ಮುಖ್ಯವಾದ ಮಾತು ಬೇರೆಯೇ ಇದೆ.

ಟಾರು ರಸ್ತೆಯ ಪಕ್ಷಪಾತ

ಗ್ರಾಮೀಣಾಭಿವೃದ್ಧಿಯ ಚಿಂತಕ ರಾಬರ್ಟ್ ಚೇಂಬರ್ಸ್ ಅವರು 1983ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ ಅಧಿಕಾರಿಗಳ, ತಜ್ಞರ ಹಳ್ಳಿ ಭೇಟಿಗಳನ್ನು ಒಂದು ಬಗೆಯ ಪ್ರವಾಸೋದ್ಯಮವೆಂದೇ ಕರೆದರು. ವಾಹನ ಹೋಗುವಲ್ಲಿಗೆ ಮಾತ್ರ ಹೋಗುವುದು, ಯೋಜನೆ ಇರುವ ಹಳ್ಳಿಯನ್ನಷ್ಟೇ ನೋಡುವುದು, ಮುಂದೆ ಬಂದು ಮಾತನಾಡುವವರನ್ನಷ್ಟೇ ಕೇಳುವುದು, ಮಳೆಗಾಲ ಮುಗಿದ ಮೇಲೆಯೇ ಹೊರಡುವುದು: ಈ ಪಕ್ಷಪಾತಗಳಿಂದಾಗಿ ಬಡತನ ನಮ್ಮ ಕಣ್ಣಿನಿಂದ ಮರೆಯಾಗುತ್ತದೆ ಎಂಬುದು ಅವರ ವಾದ. ತರಬೇತಿಯ ದಿನಗಳಲ್ಲಿ ನಾನು ಇದನ್ನು ಓದಿ, ಗೆರೆ ಎಳೆದು, ಮೆಚ್ಚಿದ್ದೆ. ಅನಂತರ ಮೂರು ದಶಕ ಜೀಪಿನಲ್ಲಿ ಕುಳಿತು ಅದನ್ನೇ ಮಾಡಿದೆ.

ಜೀಪಿನಿಂದ ನೋಡಿದರೆ ಈ ಸೀಮೆ ಸಮತಟ್ಟು. ಎರಿಭೂಮಿ, ಜೋಳ, ತೊಗರಿ, ಕಡಲೆ, ಮತ್ತೆ ಎರಿಭೂಮಿ. ಸೈಕಲ್ ಮೇಲೆ ಕುಳಿತವನಿಗೆ ಹಾಗಲ್ಲ. ಕಣ್ಣಿಗೆ ಕಾಣದ ಏರು ಪೆಡಲ್‌ಗೆ ಗೊತ್ತಾಗುತ್ತದೆ. ಇದು ನನಗೆ ಮೊದಲು ಮನದಟ್ಟಾದದ್ದು ಆಲಮಟ್ಟಿಯಿಂದ ನಿಡಗುಂದಿ ಮಾರ್ಗವಾಗಿ ಬಸವನ ಬಾಗೇವಾಡಿಗೆ ಹೊರಟಾಗ. ಘಟ್ಟವಿಲ್ಲ, ತಿರುವಿಲ್ಲ; ಆದರೂ ಗಂಟೆ ಕಳೆಯುವುದರೊಳಗೆ ಗೇರ್ ಇಳಿಸಬೇಕಾಯಿತು, ತೊಡೆ ಬಿಗಿಯಿತು. ಕೃಷ್ಣೆಯ ದಂಡೆಯನ್ನು ಬಿಟ್ಟು ನಾನು ಮೇಲಕ್ಕೆ ಹೋಗುತ್ತಿದ್ದೆ.

1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ ಆಲಮಟ್ಟಿ ಜಲಾಶಯದಲ್ಲಿ ಈಗ ನೀರು ನಿಲ್ಲಿಸುತ್ತಿರುವ ಗರಿಷ್ಠ ಮಟ್ಟ 519.60 ಮೀಟರ್. ಬಾಗೇವಾಡಿಯ ಸುತ್ತಲಿನ ಹೊಲಗಳು ಅದಕ್ಕಿಂತ ಎಷ್ಟೋ ಎತ್ತರದಲ್ಲಿವೆ. ಆದುದರಿಂದಲೇ ಜಲಾಶಯ ಕಣ್ಣೆದುರಿಗಿದ್ದರೂ ಅದರ ನೀರು ತಾನಾಗಿ ಹರಿದು ಅಲ್ಲಿಗೆ ಬರಲಾರದು. ಮುಳವಾಡ, ಚಿಮ್ಮಲಗಿ ಏತ ನೀರಾವರಿಗಳಂಥ ಯೋಜನೆಗಳು ಬೇಕಾದದ್ದು ಅದಕ್ಕಾಗಿ. ಒಂದು ಟಿಎಂಸಿ ಎಂದರೆ ಸುಮಾರು 2.83 ಕೋಟಿ ಘನ ಮೀಟರ್ ನೀರು. ಅಷ್ಟನ್ನು ನೂರು ಮೀಟರ್ ಎತ್ತರಕ್ಕೆ ಎತ್ತಲು, ಯಂತ್ರದ ನಷ್ಟವನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ಸುಮಾರು 77 ಲಕ್ಷ ಯೂನಿಟ್ ವಿದ್ಯುತ್ ಬೇಕು. ನಷ್ಟವನ್ನೂ ಸೇರಿಸಿದರೆ ಕೋಟಿ ದಾಟುತ್ತದೆ. ಇಂಥ ಅಂಕಿಗಳನ್ನು ಕಡತಗಳಲ್ಲಿ ಎಷ್ಟೋ ಸಲ ನೋಡಿ ಸಹಿ ಹಾಕಿದ್ದೇನೆ. ಅವುಗಳ ಅರ್ಥ ತಿಳಿದದ್ದು ಆ ದಾರಿಯಲ್ಲಿ ಏದುಸಿರು ಬಿಡುತ್ತ ನಿಂತಾಗ. ಎತ್ತಿದ ಪ್ರತಿ ಹನಿಗೂ ಯಾರೋ ಬೆಲೆ ತೆರುತ್ತಾರೆ, ಪೋಲಾದ ಪ್ರತಿ ಹನಿಗೂ ತೆರುತ್ತಾರೆ.

ಕಾಲುವೆಯ ಕೊನೆ

ಇನ್ನೊಂದು ಪಾಠ ಇದಕ್ಕಿಂತ ಕಟುವಾದುದು. ಸೇವೆಯಲ್ಲಿದ್ದಾಗ ಒಂದು ಉಪಕಾಲುವೆಯ ಪರಿಶೀಲನೆ ನನ್ನ ಪಾಲಿಗೆ ಬಂದಿತ್ತು. ಯಾವ ಕಾಲುವೆ, ಯಾವ ಹಳ್ಳಿ ಎಂಬುದು ಇಲ್ಲಿ ಮುಖ್ಯವಲ್ಲ. ತಲೆಭಾಗದಲ್ಲಿ ನೀರು ತುಂಬಿ ಹರಿಯುತ್ತಿತ್ತು. ಕೆಲವು ಕಿಲೋಮೀಟರ್ ಹೋದ ಮೇಲೆ ಹಾದಿ ಕೆಟ್ಟಿತು; ಜೀಪು ಎರಿಮಣ್ಣಿನಲ್ಲಿ ಹೂತುಕೊಳ್ಳಬಹುದೆಂದು ಚಾಲಕ ಎಚ್ಚರಿಸಿದ. ಅಲ್ಲಿಂದಲೇ ಹಿಂತಿರುಗಿ, ಕೈಗೆ ಬಂದ ಕಾಗದಗಳನ್ನು ನಂಬಿ, ನೀರು ಕೊನೆಯ ಹೊಲದವರೆಗೆ ತಲುಪಿದೆ ಎಂದು ಟಿಪ್ಪಣಿ ಬರೆದೆ. ಯಾರೂ ಪ್ರಶ್ನಿಸಲಿಲ್ಲ. ನಾನೇ ಮರೆತುಬಿಟ್ಟೆ.

ಎರಡನೆಯ ಪ್ರವಾಸದಲ್ಲಿ ಅದೇ ಕಾಲುವೆಯ ಏರಿಯ ಮೇಲೆ ಸೈಕಲ್ ತುಳಿದುಕೊಂಡು, ಸಾಗದ ಕಡೆ ತಳ್ಳಿಕೊಂಡು, ಕೊನೆಯವರೆಗೂ ಹೋದೆ. ಜೀಪು ಅಂದು ನಿಂತ ಜಾಗದಿಂದ ಅದು ಒಂದು ಗಂಟೆಯ ದಾರಿಯೂ ಅಲ್ಲ. ಮೊದಲು ಕಬ್ಬು, ಅನಂತರ ಹತ್ತಿ, ಬಳಿಕ ಒಣ ತೊಗರಿ. ತುದಿಯಲ್ಲಿ ಕಾಲುವೆಯ ಕಲ್ಲು ಕಿತ್ತು, ತಳದಲ್ಲಿ ಜಾಲಿಗಿಡ ಬೆಳೆದಿತ್ತು. ಪಕ್ಕದ ಹೊಲದಲ್ಲಿ ನನ್ನ ವಯಸ್ಸಿನ ರೈತರೊಬ್ಬರಿದ್ದರು. ಮಗ, ಸೊಸೆ ಗೋವಾಕ್ಕೆ ದುಡಿಯಲು ಹೋಗಿದ್ದಾರೆಂದೂ ಮೊಮ್ಮಕ್ಕಳು ತಮ್ಮ ಬಳಿ ಇದ್ದಾರೆಂದೂ ಹೇಳಿದರು. ನೀರಿನ ಮಾತೆತ್ತಿದಾಗ ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ. ‘ಮ್ಯಾಲಿನವ್ರಿಗೆ ಸಾಕಾಗಿ ಉಳದ್ರ ಬರ್ತಾವ್ರಿ. ಉಳಿಯಂಗಿಲ್ಲ’ ಎಂದರು. ನೀರು ತಲುಪಿದೆ ಎಂದು ಬರೆದವನು ನಾನೇ ಎಂದು ಹೇಳುವ ಧೈರ್ಯ ಅಂದು ನನಗೆ ಬರಲಿಲ್ಲ.

ಮರುವರ್ಷ ಹೋಗಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆವಾಗ ನೀವು ಬಂದಿದ್ರ ಏನ್ ಆಗ್ತಿತ್ತೋ ಗೊತ್ತಿಲ್ರಿ ಸಾಹೇಬ್ರ. ಈಗ ಬಂದೀರಲ್ಲ, ಕುಂದರ್ರಿ’ ಎಂದು ಚಹಾ ತರಿಸಿದರು. ಕಾಲುವೆಯ ಯಾವ ಯಾವ ಜಾಗದಲ್ಲಿ ಏನು ಕೆಟ್ಟಿದೆ ಎಂಬುದನ್ನು ಬರೆದು ಸಂಬಂಧಪಟ್ಟ ಕಚೇರಿಗೆ ಕಳುಹಿಸಿದೆ. ಸ್ವೀಕೃತಿ ಬಂದಿದೆ, ಅಷ್ಟೆ. ಕಚೇರಿಗಳು ಹೇಗೆ ನಡೆಯುತ್ತವೆಂದು ಬಲ್ಲವನು ನಾನು, ಮತ್ತೆ ಬರೆಯುತ್ತೇನೆ.

ಸೈಕಲ್ಲಿನಿಂದ ಎಲ್ಲವೂ ಕಾಣುತ್ತದೆಂದು ನಾನು ಹೇಳುತ್ತಿಲ್ಲ. ಸಿಂದಗಿಯಿಂದ ಮುದ್ದೇಬಿಹಾಳಕ್ಕೆ ಹೋಗುವವನು ಡೋಣಿ ನದಿಯನ್ನು ದಾಟಲೇಬೇಕು. ಅದರ ನೀರು ಉಪ್ಪು, ಹೂಳು ತುಂಬಿದ ಪಾತ್ರ. ಆದರೆ ಅದರ ದಂಡೆಯ ಕಪ್ಪು ನೆಲ ಜೋಳಕ್ಕೆ ಹೆಸರಾದದ್ದು. ಉಕ್ಕಿದಾಗ ಅದು ಹೊಲಗಳನ್ನು ನುಂಗುತ್ತದೆ, ಸೇತುವೆ ಮುಳುಗಿ ಸಂಚಾರ ನಿಲ್ಲುತ್ತದೆ. ಒಮ್ಮೆ ಜುಲೈನಲ್ಲಿ ಹಟ ಹಿಡಿದು ಹೋದೆ. ಒಳದಾರಿಗೆ ಇಳಿದ ನೂರು ಗಜದೊಳಗೆ ಎರಿಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಗಟ್ಟಿಯಾಗಿ ತುಂಬಿಕೊಂಡು ಸೈಕಲ್ ಅಲುಗಲಿಲ್ಲ. ಹೆಗಲ ಮೇಲೆ ಹೊತ್ತು ವಾಪಸಾದೆ. ಚೇಂಬರ್ಸ್ ಹೇಳಿದ ಒಣ ಋತುವಿನ ಪಕ್ಷಪಾತ ನನ್ನನ್ನೂ ಬಿಟ್ಟಿಲ್ಲ. ಇನ್ನೊಂದು ಮಾತೂ ಇದೆ. ನಿವೃತ್ತರಾದ ನನ್ನ ಸಹೋದ್ಯೋಗಿಯೊಬ್ಬರು, ಸೈಕಲ್ ಚೆನ್ನಾಗಿ ಬಲ್ಲ ಮಹಿಳೆ, ‘ನೀವು ಯಾವ ಊರಿನಲ್ಲಿ ಬೇಕಾದರೂ ರಾತ್ರಿ ತಂಗುತ್ತೀರಿ, ನನಗೆ ಅದು ಸಾಧ್ಯವೇ?’ ಎಂದರು. ಈ ಸವಾರಿಯ ಹಿಂದೆ ಪಿಂಚಣಿಯ ನೆಮ್ಮದಿ ಇರುವಂತೆ ಗಂಡಸೆಂಬ ಅನುಕೂಲವೂ ಇದೆ.

ಅಂಚಿಲ್ಲದ ರಸ್ತೆಗಳು

ವಿಜಯಪುರ ಜಿಲ್ಲೆಗೂ ಸೈಕಲ್ಲಿಗೂ ಹಳೆಯ ನಂಟು. ರಾಜ್ಯಕ್ಕೆ, ದೇಶಕ್ಕೆ ಸೈಕ್ಲಿಂಗ್ ಪಟುಗಳನ್ನು ಕೊಟ್ಟ ನೆಲ ಇದು. 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗವನ್ನು ಹೊರತಂದ ಫ.ಗು. ಹಳಕಟ್ಟಿಯವರು ಹಳೆಯ ಕೋಟು ತೊಟ್ಟು ಸೈಕಲ್ ಮೇಲೆ ಓಡಾಡುತ್ತಿದ್ದ ಚಿತ್ರವನ್ನು ಇಲ್ಲಿಯವರು ಇಂದಿಗೂ ನೆನೆಯುತ್ತಾರೆ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲಾರಂಭಿಸಿದಾಗ ಈ ರಸ್ತೆಗಳಲ್ಲಿ ಬೆಳಿಗ್ಗೆ ಹೆಣ್ಣುಮಕ್ಕಳ ಸಾಲು ಕಾಣತೊಡಗಿತು. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಿತು. ಬಿಹಾರದಲ್ಲಿ ಇಂಥದೇ ಯೋಜನೆಯನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶೀತ್ ಪ್ರಕಾಶ್ ಅವರು, ಅದರಿಂದ ಪ್ರೌಢಶಾಲೆಗೆ ಸೇರುವ ಹೆಣ್ಣುಮಕ್ಕಳ ಪ್ರಮಾಣ ಶೇ 32ರಷ್ಟು ಏರಿತೆಂದು 2017ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತೋರಿಸಿದ್ದಾರೆ.

ಆದರೆ ಆ ಮಕ್ಕಳಿಗೆ, ಹಾಲಿನ ಕ್ಯಾನು ಹೊತ್ತು ಬರುವವರಿಗೆ, ನನ್ನಂಥ ಮುದುಕನಿಗೆ ನಮ್ಮ ರಸ್ತೆಗಳಲ್ಲಿ ಜಾಗವೆಲ್ಲಿ? ರಸ್ತೆ ಅಗಲವಾದಂತೆ ವಾಹನಗಳ ವೇಗ ಹೆಚ್ಚಿತು. ಟಾರಿನ ಅಂಚು ಮುಗಿದಲ್ಲಿ ಒಂದು ಗೇಣು ಆಳದ ತಗ್ಗು. ನೆರಳು ಕೊಡುತ್ತಿದ್ದ ಬೇವು, ಹುಣಸೆ ಮರಗಳು ಅಗಲೀಕರಣಕ್ಕೆ ಹೋದವು. ಫೆಬ್ರುವರಿಯ ಬಿಸಿಲಿಗೇ ನಿಲ್ಲಲು ಮರ ಹುಡುಕಬೇಕು. ಕಬ್ಬು ನುರಿಸುವ ದಿನಗಳಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ಹಿಂದೀಪವಿಲ್ಲದೆ ಸಾಗುತ್ತವೆ. ಇಂಡಿಯ ಬಳಿ ಒಂದು ಸಂಜೆ ಅಂಥದೊಂದನ್ನು ತಪ್ಪಿಸಿಕೊಳ್ಳಲು ಸೈಕಲ್ ಸಮೇತ ನಿಂಬೆ ತೋಟದ ಬೇಲಿಗೆ ಬಿದ್ದೆ. ತೋಟದವರು ಎಬ್ಬಿಸಿ ಕೂರಿಸಿ, ತಮ್ಮ ನಿಂಬೆಯದೇ ಶರಬತ್ತು ಕೊಟ್ಟರು. ಇಂಡಿಯ ನಿಂಬೆಗೆ 2023ರಲ್ಲಿ ಭೌಗೋಳಿಕ ಸೂಚ್ಯಂಕ ದೊರೆತದ್ದನ್ನು ಹೆಮ್ಮೆಯಿಂದ ಹೇಳಿದರು. ಮೊಣಕೈಯ ಗಾಯದ ಗುರುತು ಇನ್ನೂ ಇದೆ. ನನ್ನ ಜಾಗದಲ್ಲಿ ಶಾಲೆಯ ಹುಡುಗಿಯೊಬ್ಬಳಿದ್ದಿದ್ದರೆ ಎಂಬ ಯೋಚನೆಯೂ ಹೋಗಿಲ್ಲ.

ಬೇಕಾದದ್ದು ದೊಡ್ಡ ಯೋಜನೆಗಳಲ್ಲ. ರಾಜ್ಯ ಹೆದ್ದಾರಿ, ಜಿಲ್ಲಾ ರಸ್ತೆಗಳ ಅಂಚಿಗೆ ಒಂದು, ಒಂದೂವರೆ ಮೀಟರ್ ಗಟ್ಟಿ ಪಟ್ಟಿ. ಕಬ್ಬಿನ ಟ್ರೇಲರ್‌ಗಳಿಗೆ ಹಿಂದೀಪ, ಹೊಳೆಯುವ ಪಟ್ಟಿ. ಕಡಿದ ಮರಗಳ ಬದಲಿಗೆ ನೆಟ್ಟದ್ದನ್ನು ಬದುಕಿಸುವ ಹೊಣೆ. ಇವಕ್ಕೆ ತಗಲುವ ವೆಚ್ಚ ಒಂದು ರಸ್ತೆ ಗುತ್ತಿಗೆಯ ಅಲ್ಪಾಂಶ.

ಇನ್ನೊಂದು ವಿನಂತಿ ನನ್ನ ಸಹ ನಿವೃತ್ತರಿಗೆ. ನಮ್ಮ ಸಮಯದ ಅವಕಾಶ ವೆಚ್ಚ, ಅರ್ಥಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಈಗ ಬಹಳ ಕಡಿಮೆ. ಅನುಭವದ ಮೌಲ್ಯ ಹಾಗೇ ಇದೆ. ಕಡತ ಓದಲು ಗೊತ್ತು, ಯಾರಿಗೆ ಬರೆಯಬೇಕೆಂದು ಗೊತ್ತು, ವರ್ಗಾವಣೆಯ ಭಯವಿಲ್ಲ. ಸೈಕಲ್ ಆಗದಿದ್ದವರು ಬಸ್ಸಿನಲ್ಲಿ ಹೋಗಿ ನಡೆಯಲಿ. ತಾವು ಸಹಿ ಹಾಕಿದ ಒಂದು ಕೆಲಸವನ್ನಾದರೂ ಅದರ ಕೊನೆಯವರೆಗೆ ಹೋಗಿ ನೋಡಿ ಬರಲಿ.

ಕಳೆದ ಚಳಿಗಾಲದಲ್ಲಿ ಕಲಕೇರಿ ದಾರಿಯ ಆ ಚಹಾದಂಗಡಿಯ ಮುಂದೆ ಮತ್ತೆ ನಿಂತೆ. ಅದೇ ಹಿರಿಯರು ಅದೇ ಬೆಂಚಿನ ಮೇಲಿದ್ದರು. ‘ನೌಕರಿಯಲ್ಲಿದ್ದಾಗ ಏನು ನೋಡಿದಿರಿ ಎಂದು ಕೇಳಿದ್ದಿರಲ್ಲ, ಅರ್ಧ ಕಾಲುವೆ ನೋಡಿದ್ದೆ’ ಎಂದೆ. ಅವರು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು.

(ಲೇಖಕರು ನಿವೃತ್ತ ಸರ್ಕಾರಿ ಅಧಿಕಾರಿ)