ಗೋಡೆ ಮುಚ್ಚುವ ಮುನ್ನ ಒಂದು ದಿನ: ಹೊಸ ಪ್ಲಂಬರ್‌ಗಳಿಗೆ ಕೆಲವು ಲೆಕ್ಕಗಳು

ನಲ್ಲಿಯ ಬುಡದಲ್ಲಿ ಸೆಕೆಂಡಿಗೆ ಒಂದು ಹನಿ ಸೋರುತ್ತಿದೆ ಎಂದುಕೊಳ್ಳಿ. ದಿನಕ್ಕೆ 86,400 ಹನಿ. ನಾಲ್ಕು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ 21.6 ಲೀಟರ್. ಮನೆಯ ನೀರಿನ ವ್ಯವಸ್ಥೆ ಮಾಡುವಾಗ ಒಬ್ಬರಿಗೆ ದಿನಕ್ಕೆ 135 ಲೀಟರ್ ಬೇಕೆಂದು ಲೆಕ್ಕ ಹಾಕುತ್ತಾರೆ. ಅದರಲ್ಲಿ ಆರನೇ ಒಂದು ಪಾಲು ಈ ಒಂದು ಸೋರಿಕೆಗೇ ಹೋಯಿತು. ವರ್ಷಕ್ಕೆ 7,884 ಲೀಟರ್. 2024ರ ಮಾರ್ಚ್‌ನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರ್ ದರ ಗೊತ್ತುಮಾಡಿದಾಗ 5 ಕಿ.ಮೀ. ಒಳಗೆ 6,000 ಲೀಟರಿಗೆ 600 ರೂಪಾಯಿ ಎಂದಿತ್ತು. ಆ ದರದಲ್ಲೇ ನೋಡಿದರೂ ಸೋರಿಹೋದದ್ದು ಸುಮಾರು 788 ರೂಪಾಯಿ.

ಈಗ ಅದನ್ನು ತಡೆಯಲು ಏನು ಬೇಕಿತ್ತು ನೋಡೋಣ. ಅರ್ಧ ಇಂಚಿನ ಮರೆಯ (ಥ್ರೆಡ್) ಹೊರಸುತ್ತು ಹೆಚ್ಚುಕಡಿಮೆ 66 ಮಿಲಿಮೀಟರ್. ಹತ್ತು ಸುತ್ತು ಟೆಫ್ಲಾನ್ ಟೇಪ್ ಸುತ್ತಿದರೆ 66 ಸೆಂಟಿಮೀಟರ್ ಆಗುತ್ತದೆ. ಹತ್ತು ಮೀಟರಿನ ಒಂದು ಸುರುಳಿ 15 ಮರೆಗಳಿಗೆ ಸಾಕು. ಸುರುಳಿಗೆ 20 ರೂಪಾಯಿ ಎಂದು ಹಿಡಿಯಿರಿ, ಒಂದು ನಲ್ಲಿಗೆ ಬಿದ್ದ ಖರ್ಚು ಒಂದೂವರೆ ರೂಪಾಯಿಯೂ ಇಲ್ಲ. ನಾಲ್ಕೇ ಸುತ್ತು ಸುತ್ತಿ, ಉಳಿದದ್ದನ್ನು ಸ್ಪ್ಯಾನರ್ ಬಲದಿಂದ ಸರಿಮಾಡಲು ಹೋಗುವವರನ್ನು ಎಷ್ಟೋ ಕಡೆ ನೋಡಿದ್ದೇನೆ. ಪ್ಲಾಸ್ಟಿಕ್ ಫಿಟ್ಟಿಂಗ್ ಬಲಕ್ಕೆ ಬಗ್ಗುವುದಿಲ್ಲ, ಬಿರುಕು ಬಿಡುತ್ತದೆ. ಟೇಪನ್ನು ಮರೆ ತಿರುಗುವ ದಿಕ್ಕಿನಲ್ಲೇ ಎಳೆದು ಸುತ್ತಬೇಕು. ತಿರುವುಮುರುವಾದರೆ ಬಿಗಿಯುವಾಗಲೇ ಬಿಚ್ಚಿಕೊಳ್ಳುತ್ತದೆ.

ಕಣ್ಣಿಗೆ ಕಾಣುವ ಸೋರಿಕೆ ಹೇಗೋ ದುರಸ್ತಿಯಾದೀತು. ನಿಜವಾದ ನಷ್ಟ ಇರುವುದು ಗೋಡೆಯೊಳಗೆ.

ಒಂದು ಬಚ್ಚಲುಮನೆಯಲ್ಲಿ ಬಿಸಿನೀರು, ತಣ್ಣೀರು ಸೇರಿ 40 ಸಿಪಿವಿಸಿ ಜಾಯಿಂಟ್ ಬರುತ್ತವೆ ಎಂದಿಟ್ಟುಕೊಳ್ಳಿ. ಪ್ರತಿ ಜಾಯಿಂಟಿಗೂ ಮಾಡಬೇಕಾದ ಕೆಲಸ ಒಂದೇ. ಪೈಪನ್ನು ನೇರವಾಗಿ ಕತ್ತರಿಸಬೇಕು, ಓರೆಯಾದರೆ ಆ ಬದಿಯಲ್ಲಿ ಹಿಡಿತ ಕಡಿಮೆ. ಹ್ಯಾಕ್ಸಾ ಬಿಟ್ಟ ಸಿಬುರನ್ನು ಒಳಗೂ ಹೊರಗೂ ಕೆರೆದು ತೆಗೆಯಬೇಕು; ಇಲ್ಲದಿದ್ದರೆ ಅದೇ ಸಿಬುರು ಒಳಹೋಗುವಾಗ ಅಂಟಿಸುವ ಸಲ್ಯೂಷನ್ನನ್ನು ಬಳಿದುಕೊಂಡು ಹೋಗುತ್ತದೆ. ಒಣಬಟ್ಟೆಯಿಂದ ಒರೆಸಿ, ಎಷ್ಟು ಒಳಗೆ ಹೋಗಬೇಕೋ ಅಷ್ಟಕ್ಕೆ ಪೆನ್ಸಿಲ್ ಗುರುತು ಹಾಕಬೇಕು. ಪೈಪಿಗೆ ಧಾರಾಳವಾಗಿ, ಫಿಟ್ಟಿಂಗ್ ಒಳಗೆ ತೆಳುವಾಗಿ ಸಲ್ಯೂಷನ್ ಹಚ್ಚಿ, ಕಾಲು ಸುತ್ತು ತಿರುಗಿಸುತ್ತ ಗುರುತಿನ ತನಕ ತಳ್ಳಿ, ಅರ್ಧ ನಿಮಿಷ ಕೈಬಿಡದೆ ಹಿಡಿಯಬೇಕು. ಕೈಬಿಟ್ಟರೆ ಪೈಪ್ ತಾನೇ ಹಿಂದಕ್ಕೆ ಸರಿಯುತ್ತದೆ. ಯುಪಿವಿಸಿಯ ಸಲ್ಯೂಷನ್ ಇದಕ್ಕೆ ಆಗದು. ಅವಸರದ ಕೆಲಸಕ್ಕಿಂತ ಜಾಯಿಂಟಿಗೆ ಎರಡು ನಿಮಿಷ ಹೆಚ್ಚು ಹಿಡಿದರೆ 40 ಜಾಯಿಂಟಿಗೆ 80 ನಿಮಿಷ. ಪೈಪಿನ ದಾರಿಯನ್ನು ಮೊದಲೇ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡರೆ ಈ ಸಮಯವೂ ಉಳಿದೀತು: ಬೇಡದ ಎರಡು ಎಲ್ಬೋ ತಪ್ಪಿದರೆ ನಾಲ್ಕು ಜಾಯಿಂಟ್ ತಪ್ಪಿದ ಹಾಗೆ.

ಇನ್ನು ಟೆಸ್ಟಿಂಗ್. ನಾನು ಎಲ್ಲಕ್ಕಿಂತ ಒತ್ತಿ ಹೇಳುವ ಮಾತು ಇದು. ಕೊನೆಯ ಜಾಯಿಂಟ್ ಆದ ಮೇಲೆ 24 ಗಂಟೆ ಬಿಡಿ. ಆಮೇಲೆ ನೀರು ತುಂಬಿ, ಅತಿ ಎತ್ತರದ ಬಾಯಿಯಿಂದ ಗಾಳಿಯೆಲ್ಲ ಹೊರಹೋಗಲು ಬಿಟ್ಟು, ಹ್ಯಾಂಡ್ ಪಂಪಿನಿಂದ ಒತ್ತಡ ಏರಿಸಿ. ಮೇಲಿನ ಟ್ಯಾಂಕ್ ನಲ್ಲಿಗಿಂತ 10 ಮೀಟರ್ ಮೇಲಿದ್ದರೆ ಪೈಪಿನಲ್ಲಿರುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ. ಪ್ರೆಷರ್ ಪಂಪ್ ಕೂರಿಸುವ ಮನೆಯಾದರೆ ಅದು ಕೊಡುವಷ್ಟು. ಯಾವುದೇ ಇರಲಿ, ಕಡಿಮೆಯೆಂದರೂ ಅದರ ಒಂದೂವರೆ ಪಟ್ಟು ಏರಿಸಿ, ಗೇಜಿನ ಮುಳ್ಳು ಎಲ್ಲಿ ನಿಂತಿತೆಂದು ಬರೆದಿಟ್ಟು, ಎರಡು ಗಂಟೆ ಬಿಟ್ಟು ಅದು ಇಳಿದಿದೆಯೇ ನೋಡಿ. ಗಾಳಿ ತುಂಬಿಸಿ ಟೆಸ್ಟ್ ಮಾಡಬೇಡಿ. ಪ್ಲಾಸ್ಟಿಕ್ ಪೈಪ್ ಒಡೆದರೆ ಚೂರುಗಳು ಸಿಡಿಯುತ್ತವೆ.

ಗಾರೆಯವರು ಕಾಯುತ್ತಿದ್ದಾರೆ, ಟೈಲ್ಸ್‌ನವರು ನಾಳೆಯೇ ಬರುತ್ತಾರೆ ಎಂದು ಮೇಸ್ತ್ರಿ ಅವಸರ ಮಾಡಿಯೇ ಮಾಡುತ್ತಾರೆ. ಆ ಒಂದು ದಿನವನ್ನು ಬಿಟ್ಟುಕೊಡಬೇಡಿ. ಮುಚ್ಚಿದ ಗೋಡೆಯಲ್ಲಿ ಒಂದು ಜಾಯಿಂಟ್ ಬಿಟ್ಟರೆ ಟೈಲ್ಸ್ ಒಡೆಯಬೇಕು, ಗೋಡೆ ಆರಬೇಕು, ಜಾಯಿಂಟ್ ಹಾಕಿ ಮತ್ತೆ 24 ಗಂಟೆ ಕಾಯಬೇಕು, ಪ್ಲಾಸ್ಟರ್, ಮತ್ತೆ ಟೈಲ್ಸ್. ನಾಲ್ಕೈದು ದಿನ, ಮೂವರ ಕೂಲಿ. ಹಳೆಯ ಟೈಲ್ಸ್ ಅಂಗಡಿಯಲ್ಲಿ ಸಿಗದಿದ್ದರೆ ಗೋಡೆಯೇ ಹೊಸದಾಗಬೇಕು.

ಪೈಪಿನ ಅಳತೆಯಲ್ಲೂ ಲೆಕ್ಕ ಬೇಕು. ಮುಕ್ಕಾಲು ಇಂಚಿನ ಸಿಪಿವಿಸಿ ಪೈಪಿನ ಒಳವ್ಯಾಸ ಸುಮಾರು 18 ಮಿ.ಮೀ., ಅರ್ಧ ಇಂಚಿನದ್ದು 12.5. ಅದೇ ಟ್ಯಾಂಕು, ಅದೇ ಎತ್ತರಕ್ಕೆ ದೊಡ್ಡದರಲ್ಲಿ ಎರಡೂವರೆ ಪಟ್ಟು ನೀರು ಬರುತ್ತದೆ. ಆದರೆ ಸೋಲಾರಿನ ಬಿಸಿನೀರಿಗೆ ಅದೇ ತಿರುಗುಬಾಣವಾಗಬಹುದು. ತಾರಸಿಯಿಂದ ಬಚ್ಚಲಿಗೆ 12 ಮೀಟರ್ ಮುಕ್ಕಾಲು ಇಂಚಿನ ಪೈಪಿದ್ದರೆ ಒಳಗೆ ತಣ್ಣಗೆ ನಿಂತ ನೀರೇ 3 ಲೀಟರ್, ಬಿಸಿ ಬರುವ ತನಕ ಅದು ಮೋರಿಗೆ. ಹತ್ತಿರದ ದಾರಿ ಹುಡುಕಿ, ಕವಲುಗಳನ್ನು ಅರ್ಧ ಇಂಚಿಗೆ ಇಳಿಸಿ. ಅದೇ 12 ಮೀಟರ್ ಪೈಪ್ 40 ಡಿಗ್ರಿ ಕಾವೇರಿದಾಗ 3 ಸೆಂಟಿಮೀಟರ್ ಉದ್ದವಾಗುತ್ತದೆ. ಕ್ಲಿಪ್ಪುಗಳನ್ನು ಜಗ್ಗದಂತೆ ಬಿಗಿದರೆ ಎಲ್ಬೋ ಬಿರುಕು ಬಿಡುವುದು ಅಲ್ಲೇ.

ಹೊರಹೋಗುವ ನೀರಿನ ಪೈಪಿಗೆ ವಾಟ ಅಡಿಗೆ ಕಾಲು ಇಂಚು, ಅಂದರೆ 8 ಅಡಿಗೆ 2 ಇಂಚು. ಕಣ್ಣಳತೆ ಬೇಡ, ಲೆವೆಲ್ ಟ್ಯೂಬ್ ಹಿಡಿಯಿರಿ.

ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಮೂರು ಹಂತದಲ್ಲಿ ಪಂಪ್ ಆಗಿ, ಸುಮಾರು 100 ಕಿ.ಮೀ. ಹಾದು, ನೂರಾರು ಮೀಟರ್ ಎತ್ತರ ಏರಿ ಬೆಂಗಳೂರಿನ ಸಂಪಿಗೆ ಬೀಳುತ್ತದೆ. ಅದನ್ನು ಕೊನೆಯ ಹತ್ತು ಮೀಟರ್ ದಾಟಿಸುವವರು ನೀವು. ಮನೆ ಕಟ್ಟಿಸುವವರಲ್ಲೂ ಒಂದು ಕೋರಿಕೆ: ಪ್ಲಂಬರ್ ಜೊತೆ ಕೂಲಿ ಮಾತಾಡುವಾಗ ಟೆಸ್ಟಿಂಗಿನ ದಿನವನ್ನೂ ಸೇರಿಸಿ ಮಾತಾಡಿ, ಆ ದಿನದ ಕೂಲಿಯನ್ನು ಪೂರ್ತಿ ಕೊಡಿ.